ಕೆಂಪಾಗದ ಕಣ್ಣು

ಕಣ್ಣು ಕೆಂಪಾದರೆ ನಮ್ಮಲ್ಲಿ ಎಲ್ಲರೂ ಡಾಕ್ಟರೇ. ಊರಲ್ಲಾದರೆ "ಕಣ್ಣು ಬೇನೆ ಬಂದಿದೆ, ಅವನ ಟವೆಲ್ ಮುಟ್ಟಬೇಡ" ಅಂತಾರೆ. ಬೆಂಗಳೂರಲ್ಲಾದರೆ "ಮದ್ರಾಸ್ ಐ ಕಣೋ, ವರ್ಕ್ ಫ್ರಮ್ ಹೋಮ್ ತಗೋ" ಅಂತಾರೆ. ಕೆಂಪು, ನೀರು, ಗೀಜು, ಉರಿ. ಇವು ಕಂಡರೆ ಸೋಂಕು, ಕಾಣದಿದ್ದರೆ ಏನೂ ಇಲ್ಲ. ನಮ್ಮ ನಿಮ್ಮ ಮಟ್ಟಿಗೆ ಈ ಲೆಕ್ಕ ಬಹುತೇಕ ಸರಿಯೇ.

ಆದರೆ ಈ ಲೆಕ್ಕದ ಒಳಗೆ ಒಂದು ಊಹೆ ಅಡಗಿ ಕೂತಿದೆ. ಕೆಂಪು ಮಾಡುವುದು ರೋಗಾಣು ಅಂತ ನಾವು ಅಂದುಕೊಂಡಿದ್ದೇವೆ. ನಿಜವಾಗಿ ಆ ಕೆಲಸದ ಬಹುಪಾಲು ನಮ್ಮದೇ ದೇಹದ್ದು. ಸೋಂಕು ತಗುಲಿದ ಜಾಗಕ್ಕೆ ರಕ್ತನಾಳಗಳು ಹಿಗ್ಗುತ್ತವೆ, ಬಿಳಿ ರಕ್ತಕಣಗಳು ನುಗ್ಗುತ್ತವೆ, ಊತ ಬರುತ್ತದೆ, ನೋವಾಗುತ್ತದೆ. ಕೀವು ಅಂದರೆ ಹೋರಾಡಿ ಸತ್ತ ನಮ್ಮದೇ ಸೈನಿಕರ ರಾಶಿ. ಅಂದಮೇಲೆ ಸೈನ್ಯವೇ ಇಲ್ಲದ ದೇಹದಲ್ಲಿ ಏನಾಗಬೇಕು? ರೋಗಾಣು ಬರುತ್ತದೆ, ಬೆಳೆಯುತ್ತದೆ, ಕಣ್ಣಿನೊಳಗೆ ತಿನ್ನುತ್ತಾ ಹೋಗುತ್ತದೆ. ಹೊರಗಿಂದ ನೋಡಿದರೆ ಕಣ್ಣು ಹಾಲಿನಷ್ಟು ಬೆಳ್ಳಗಿರುತ್ತದೆ.

ಆನ್-ಕಾಲ್ ಡ್ಯೂಟಿ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ರಾತ್ರಿಯಿಡೀ ಒಂದೂ ಅಲರ್ಟ್ ಬಂದಿಲ್ಲ ಅಂದರೆ ಸಿಸ್ಟಂ ಚೆನ್ನಾಗಿದೆ ಅಂತ ಅರ್ಥ ಇರಬಹುದು. ಅಲರ್ಟ್ ಕಳಿಸೋ ಸರ್ವಿಸೇ ಸತ್ತುಬಿದ್ದಿದೆ ಅಂತಲೂ ಇರಬಹುದು. ಎರಡೂ ಹೊರಗಿಂದ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯಬೇಕಾದರೆ ಯಾರಾದರೂ ಲಾಗಿನ್ ಆಗಿ ಒಳಗೆ ನೋಡಲೇಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರ ಕಣ್ಣಿನ ಸೋಂಕನ್ನು ಪತ್ತೆ ಹಚ್ಚಲು ವೈದ್ಯಲೋಕ ಕಲಿತ ಚರಿತ್ರೆ ಇದೇ: ಒಳಗೆ ಹೋಗಿ ನೋಡುವುದನ್ನು ಕಲಿತ ಚರಿತ್ರೆ. ಬಹಳ ಹಳೆಯದೇನಲ್ಲ, ಮುಖ್ಯ ಭಾಗ ನಡೆದದ್ದು ನಾನು ನೀವು ಹುಟ್ಟುವ ಆಸುಪಾಸಿನಲ್ಲಿ.

ಒಳಗೆ ನೋಡುವ ಉಪಕರಣ ಮಾತ್ರ ಹಳೆಯದು. 1851ರಲ್ಲಿ ಜರ್ಮನಿಯ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ ತನ್ನ ಆಫ್ತಾಲ್ಮೋಸ್ಕೋಪಿನ ವಿವರ ಪ್ರಕಟಿಸಿದ. ಅಲ್ಲಿಯವರೆಗೆ ಕಣ್ಣಪಾಪೆ ಅಂದರೆ ಬರೀ ಕಪ್ಪು ತೂತು. ಬೆಳಕಿನ ಕಿರಣವನ್ನು ರೋಗಿಯ ಕಣ್ಣೊಳಗೆ ಬಿಟ್ಟು, ವಾಪಸ್ ಬರುವ ಬೆಳಕನ್ನು ಅದೇ ದಾರಿಯಲ್ಲಿ ನಿಂತು ನೋಡುವ ಉಪಾಯ ಅವನದು. ಜೀವಂತ ಮನುಷ್ಯನ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಪರದೆ, ಆಗ ಸರಿಯಾಗಿ ಕಾಣತೊಡಗಿತು. ಮರುವರ್ಷವೇ ರ್‍ಯೂಟೆ ಎಂಬ ಇನ್ನೊಬ್ಬ ಜರ್ಮನ್ ವೈದ್ಯ ಮಧ್ಯೆ ಒಂದು ಮಸೂರ ಹಿಡಿದು ಹೆಚ್ಚು ಅಗಲ ನೋಡುವ ದಾರಿ ತೋರಿಸಿದ.

ನಮ್ಮ ಕಥೆಗೆ ಬೇಕಾದ ಉಪಕರಣ ಇದರ ಮೊಮ್ಮಗ. ಅದನ್ನು ಮಾಡಿದ ಚಾರ್ಲ್ಸ್ ಸ್ಕೆಪೆನ್ಸ್ ಬೆಲ್ಜಿಯಂನವನು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಕಣ್ಣು ತಪ್ಪಿಸಿ, ಹೆಸರು ಬದಲಿಸಿಕೊಂಡು, ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರೆನೀಸ್ ಬೆಟ್ಟದ ಹಳ್ಳಿಯೊಂದರಲ್ಲಿ ಮರದ ಮಿಲ್ ನಡೆಸುವ ನೆಪದಲ್ಲಿ ಜನರನ್ನು ಗಡಿ ದಾಟಿಸುತ್ತಿದ್ದ ಆಸಾಮಿ. ಆಮೇಲೆ ಲಂಡನ್‌ಗೆ ಹೋಗಿ, ಅಲ್ಲಿಂದ 1947ರಲ್ಲಿ ಬಾಸ್ಟನ್ ಸೇರಿದ. ತಲೆಗೆ ಪಟ್ಟಿ ಕಟ್ಟಿಕೊಂಡು, ಎರಡೂ ಕಣ್ಣಿನಿಂದ ನೋಡುತ್ತಾ, ಎರಡೂ ಕೈ ಖಾಲಿ ಇಟ್ಟುಕೊಳ್ಳುವ ಇಂಡೈರೆಕ್ಟ್ ಆಫ್ತಾಲ್ಮೋಸ್ಕೋಪ್ ಅವನ ಕೊಡುಗೆ. ಸಾಮಾನ್ಯ ಟಾರ್ಚಿನಂಥ ಸ್ಕೋಪ್‌ನಲ್ಲಿ ರೆಟಿನಾದ ನಡುಭಾಗ ಮಾತ್ರ ಕಂಡರೆ, ಇದರಲ್ಲಿ ಅಂಚಿನವರೆಗೂ ಕಾಣುತ್ತದೆ. ಅಂಚು ಅಂತ ಒತ್ತಿ ಹೇಳಲು ಕಾರಣವಿದೆ. ನಮ್ಮ ಕಥೆಯ ಕಳ್ಳ ಮನೆಯ ಹಿತ್ತಲಿನಿಂದ ಬರುವವನು.

ಅವನ ಹೆಸರು ಸೈಟೋಮೆಗಾಲೋವೈರಸ್, ಚಿಕ್ಕದಾಗಿ ಸಿಎಂವಿ. ಸೈಟೋ ಅಂದರೆ ಜೀವಕೋಶ, ಮೆಗಾಲೋ ಅಂದರೆ ದೊಡ್ಡದು. ಈ ವೈರಸ್ ಹೊಕ್ಕ ಕೋಶ ಉಬ್ಬುತ್ತದೆ, ಸೂಕ್ಷ್ಮದರ್ಶಕದಲ್ಲಿ ಗೂಬೆಯ ಕಣ್ಣಿನಂತೆ ಕಾಣುತ್ತದೆ. 1950ರ ದಶಕದ ನಡುವಿನಲ್ಲಿ ಅಮೆರಿಕದ ಮೂರು ಪ್ರಯೋಗಾಲಯಗಳು ಬೇರೆ ಬೇರೆಯಾಗಿ ಇದನ್ನು ಬೆಳೆಸಿ ತೋರಿಸಿದವು. ಅವರಲ್ಲೊಬ್ಬನಾದ ಥಾಮಸ್ ವೆಲ್ಲರ್ 1960ರಲ್ಲಿ ಈ ಹೆಸರಿಟ್ಟ. ಹರ್ಪಿಸ್ ಕುಟುಂಬದ ವೈರಸ್ ಇದು. ಕುಟುಂಬದ ಗುಣವೇನೆಂದರೆ ಒಮ್ಮೆ ಒಳಗೆ ಬಂದರೆ ಜೀವನಪರ್ಯಂತ ಬಾಡಿಗೆದಾರ. ನಮ್ಮ ದೇಶದಲ್ಲಿ ದೊಡ್ಡವರ ಪೈಕಿ ಬಹುಪಾಲು ಜನರ ಮೈಯಲ್ಲಿ ಇದು ಇದೆ. ಓದುತ್ತಿರುವ ನಿಮ್ಮಲ್ಲೂ ಇರುವ ಸಾಧ್ಯತೆಯೇ ಜಾಸ್ತಿ. ನಿಮ್ಮ ಟಿ-ಕೋಶಗಳು ಕಾವಲಿರುವ ತನಕ ಅದು ಬಾಯಿ ಬಿಡುವುದಿಲ್ಲ.

ಕಾವಲು ತೆಗೆದವರು ಮೊದಲು ವೈದ್ಯರೇ. 1954ರಲ್ಲಿ ಬಾಸ್ಟನ್‌ನಲ್ಲಿ ಅವಳಿ ಸಹೋದರರ ನಡುವೆ ಮೂತ್ರಪಿಂಡದ ಕಸಿ ಯಶಸ್ವಿಯಾಯಿತು. ಅವಳಿಗಳಲ್ಲದವರಿಗೆ ಕಸಿ ಮಾಡಬೇಕಾದರೆ ಹೊಸ ಅಂಗವನ್ನು ದೇಹ ಒದ್ದೋಡಿಸದಂತೆ ಇಮ್ಯೂನಿಟಿಯನ್ನು ಔಷಧಿ ಕೊಟ್ಟು ತಗ್ಗಿಸಬೇಕು. 1960ರ ದಶಕದಲ್ಲಿ ಅದು ಶುರುವಾಯಿತು. ದೊಡ್ಡವರ ರೆಟಿನಾದಲ್ಲಿ ಸಿಎಂವಿ ಸೋಂಕಿನ ವರದಿಗಳು ಅದೇ ದಶಕದಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಆಶ್ಚರ್ಯವಲ್ಲ. ಆದರೂ ಅದು ಅಪರೂಪದ ಕಾಯಿಲೆ. ಒಬ್ಬ ಕಣ್ಣಿನ ಡಾಕ್ಟರು ತನ್ನ ಇಡೀ ವೃತ್ತಿಯಲ್ಲಿ ಒಂದನ್ನೂ ನೋಡದೆ ನಿವೃತ್ತಿಯಾಗಬಹುದಿತ್ತು.

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಸಾಮಾನ್ಯವಾಗಿ ಬಾರದ ಒಂದು ಬಗೆಯ ನ್ಯುಮೋನಿಯಾ ಬಂದಿತ್ತು. ವಯಸ್ಸು 29ರಿಂದ 36. ಅಂದರೆ ಈ ಪುಸ್ತಕ ಓದುವವರ ವಯಸ್ಸೇ. ವರದಿ ಅಚ್ಚಾಗುವಷ್ಟರಲ್ಲಿ ಇಬ್ಬರು ತೀರಿಕೊಂಡಿದ್ದರು. ಐವರಲ್ಲೂ ಸಿಎಂವಿಯ ಕುರುಹು ಇತ್ತು. ಆ ರೋಗಕ್ಕೆ ಇನ್ನೂ ಹೆಸರೂ ಇರಲಿಲ್ಲ, ಕಾರಣವೂ ಗೊತ್ತಿರಲಿಲ್ಲ. ಏಡ್ಸ್ ಎಂಬ ಹೆಸರು ಬಂದದ್ದು 1982ರಲ್ಲಿ, ವೈರಸ್ ಸಿಕ್ಕಿದ್ದು 1983ರಲ್ಲಿ.

ಆ ವರದಿಯ ಹಿಂದಿದ್ದ ಮೈಕೇಲ್ ಗಾಟ್ಲೀಬ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ ವೈದ್ಯರು. ಅದೇ ಕ್ಯಾಂಪಸ್ಸಿನ ಕಣ್ಣಿನ ವಿಭಾಗದಲ್ಲಿ ಗ್ಯಾರಿ ಹಾಲೆಂಡ್ ಎಂಬ ಯುವ ವೈದ್ಯರಿದ್ದರು. ಹೆಸರಿಲ್ಲದ ಈ ಹೊಸ ರೋಗದಿಂದ ಬಳಲುವವರ ಕಣ್ಣಿನೊಳಗೆ ಏನಿದೆ ಅಂತ ಹಾಲೆಂಡ್ ಮತ್ತು ಸಂಗಡಿಗರು ನೋಡಿದರು. ಅವರ ಪ್ರಬಂಧ 1982ರಲ್ಲೇ ಅಮೆರಿಕನ್ ಜರ್ನಲ್ ಆಫ್ ಆಫ್ತಾಲ್ಮಾಲಜಿಯಲ್ಲಿ ಬಂತು. ಗಾಟ್ಲೀಬ್ ಕೂಡ ಅದರ ಸಹಲೇಖಕ. ಯಾವ ವೈರಸ್ ಅಂತಲೇ ಗೊತ್ತಿಲ್ಲದ ಕಾಲದಲ್ಲಿ, ಬರೀ ಪಾಪೆ ಹಿಗ್ಗಿಸುವ ಹನಿ ಹಾಕಿ ದೀಪ ಹಿಡಿದು ನೋಡಿ, ಈ ರೋಗ ಕಣ್ಣಲ್ಲಿ ಹೀಗೆ ಕಾಣುತ್ತದೆ ಅಂತ ದಾಖಲಿಸಿದ ಮೊದಲ ಕೆಲಸಗಳಲ್ಲಿ ಅದು ಒಂದು.

ಏನು ಕಾಣುತ್ತದೆ? ಆರೋಗ್ಯವಂತ ರೆಟಿನಾ ಕಿತ್ತಳೆ-ಕೆಂಪು ಬಣ್ಣದ ನೆಲ, ಅದರ ಮೇಲೆ ಮರದ ಕೊಂಬೆಗಳಂತೆ ಹರಡಿದ ರಕ್ತನಾಳ. ಸಿಎಂವಿ ಬಂದಾಗ ಆ ನಾಳಗಳ ಗುಂಟ ಬೆಣ್ಣೆಯಂಥ ಬಿಳಿ ಪಟ್ಟೆ, ಅದರ ನಡುನಡುವೆ ರಕ್ತದ ಚೆಲ್ಲಾಟ. ಅಮೆರಿಕದ ಡಾಕ್ಟರುಗಳು ತಮ್ಮ ಊಟದ ಭಾಷೆಯಲ್ಲೇ ಇದನ್ನು ಪಿಜ್ಜಾ ಅಂದರು, ಚೀಸ್ ಮೇಲೆ ಕೆಚಪ್ ಅಂದರು. ಇನ್ನೊಂದು ರೂಪಕ್ಕೆ ಅವರಿಟ್ಟ ಹೋಲಿಕೆ ನಮ್ಮ ಮಲೆನಾಡಿನವರಿಗೆ ಹೆಚ್ಚು ಹತ್ತಿರ: ಕಾಡುಬೆಂಕಿ. ಹುಲ್ಲುಗಾವಲಿಗೆ ಬೆಂಕಿ ಬಿದ್ದಾಗ ಹೇಗೆ ಉರಿಯುವುದು ಅಂಚು ಮಾತ್ರ, ಹಿಂದೆ ಉಳಿಯುವುದು ಬೂದಿ, ಹಾಗೆಯೇ ಇಲ್ಲೂ ಅಂಚಿನಲ್ಲಿ ವೈರಸ್ ಮುಂದೆ ಸಾಗುತ್ತದೆ, ಹಿಂದೆ ಸತ್ತ ರೆಟಿನಾ ಉಳಿಯುತ್ತದೆ. ಸತ್ತ ರೆಟಿನಾ ಮತ್ತೆ ಚಿಗುರುವುದಿಲ್ಲ. ಹುಲ್ಲಾದರೂ ಮುಂದಿನ ಮಳೆಗೆ ಬರುತ್ತದೆ.

ಈ ಬೆಂಕಿ ನಿಧಾನ. ದಿನಕ್ಕೆ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ಮುಂದೆ ಸರಿಯುತ್ತದೆ. ಎಷ್ಟೋ ಸಲ ಅಂಚಿನಲ್ಲಿ ಶುರುವಾಗುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಕೆಂಪಿಲ್ಲ. ನಡುವಿನ ದೃಷ್ಟಿ ಚೆನ್ನಾಗಿರುವ ತನಕ ಗೋಡೆಯ ಮೇಲಿನ ಅಕ್ಷರದ ಚಾರ್ಟನ್ನು ಕೊನೇ ಸಾಲಿನವರೆಗೂ ಓದಿಬಿಡುತ್ತಾರೆ. ಕೆಲವರಿಗೆ ಕಣ್ಣ ಮುಂದೆ ಸಣ್ಣ ನೊಣ ತೇಲಿದಂತೆ ಅನ್ನಿಸಬಹುದು, ಮಿಂಚು ಹೊಡೆದಂತೆ ಅನ್ನಿಸಬಹುದು. ಕೆಲವರಿಗೆ ಅದೂ ಇಲ್ಲ. ಬೆಂಕಿ ನಡುಭಾಗಕ್ಕೋ, ಕಣ್ಣಿನ ನರಕ್ಕೋ ತಲುಪಿದಾಗ, ಅಥವಾ ತೆಳುವಾದ ರೆಟಿನಾ ಹರಿದು ಕಳಚಿಕೊಂಡಾಗ, ದೃಷ್ಟಿ ಒಮ್ಮೆಲೇ ಹೋಗುತ್ತದೆ.

ಪತ್ತೆಯ ಕಷ್ಟ ಇಷ್ಟಕ್ಕೇ ಮುಗಿಯಲಿಲ್ಲ. ಏಡ್ಸ್ ಇದ್ದವರ ರೆಟಿನಾದಲ್ಲಿ ಹತ್ತಿಯ ಎಸಳಿನಂಥ ಚಿಕ್ಕ ಬಿಳಿ ಕಲೆಗಳು ಸಾಮಾನ್ಯ. ಅವು ಸೋಂಕಲ್ಲ. ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಂಡ ಗುರುತು, ಚಿಕಿತ್ಸೆ ಬೇಡ, ತಾನಾಗಿ ಮಾಯುತ್ತವೆ. ಆದರೆ ಶುರುವಿನ ಸಿಎಂವಿಯೂ ಒಂದು ಚಿಕ್ಕ ಬಿಳಿ ಕಲೆಯೇ. ಒಂದೇ ದಿನ ನೋಡಿ ಎರಡನ್ನೂ ಬೇರೆ ಮಾಡುವುದು ಕೆಲವೊಮ್ಮೆ ಪಳಗಿದವರಿಗೂ ಆಗುವುದಿಲ್ಲ. ಅದಕ್ಕೆ ವೈದ್ಯರು ಕಂಡುಕೊಂಡ ಉಪಾಯ ನಾವು ದಿನಾ ಮಾಡುವಂಥದ್ದೇ: ಡಿಫ್ ತೆಗೆಯುವುದು. ಇವತ್ತು ರೆಟಿನಾದ ಫೋಟೋ ತೆಗೆದು ಇಡು, ಒಂದೆರಡು ವಾರ ಬಿಟ್ಟು ಮತ್ತೆ ತೆಗೆ, ಪಕ್ಕಪಕ್ಕ ಇಟ್ಟು ನೋಡು. ಕಲೆ ಹಾಗೇ ಇದ್ದರೆ ಅಥವಾ ಮಾಸಿದ್ದರೆ ಹತ್ತಿ. ಅಂಚು ಸರಿದಿದ್ದರೆ ಬೆಂಕಿ.

"ರಕ್ತ ಪರೀಕ್ಷೆ ಮಾಡಿಸಿದರೆ ಆಗಲ್ವಾ?" ಅನ್ನುತ್ತೀರಿ. ಇದೇ ಈ ಕಾಯಿಲೆಯ ಇನ್ನೊಂದು ತಮಾಷೆ. ಸಿಎಂವಿ ಪ್ರತಿಕಾಯ ಇದೆಯೇ ಅಂತ ರಕ್ತ ನೋಡಿದರೆ ಬಹುತೇಕ ಎಲ್ಲರಿಗೂ "ಇದೆ" ಅಂತಲೇ ಬರುತ್ತದೆ, ಯಾಕೆಂದರೆ ವೈರಸ್ ಬಹುತೇಕ ಎಲ್ಲರಲ್ಲೂ ಇದೆ. ಎಲ್ಲರಿಗೂ ಟ್ರೂ ಅಂತ ರಿಟರ್ನ್ ಮಾಡುವ ಫಂಕ್ಷನ್ನಿನಿಂದ ಏನು ತಿಳಿದೀತು? ರಕ್ತದಿಂದ ಸಿಗುವ ಉಪಯುಕ್ತ ಸಂಖ್ಯೆ ಬೇರೆಯದು. ಅದು ಸಿಡಿ4, ಅಂದರೆ ಕಾವಲಿನ ಟಿ-ಕೋಶಗಳ ಎಣಿಕೆ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಇರುತ್ತದೆ. ಸಿಎಂವಿ ಕಣ್ಣಿಗೆ ಬರುವುದು ಹೆಚ್ಚಾಗಿ ಅದು 50ಕ್ಕಿಂತ ಕೆಳಗೆ ಇಳಿದಾಗ. ಈ ಸಂಖ್ಯೆ ರೋಗ ಇದೆ ಅಂತ ಹೇಳುವುದಿಲ್ಲ, ಯಾರ ಕಣ್ಣನ್ನು ಬಿಡದೆ ನೋಡಬೇಕು ಅಂತ ಹೇಳುತ್ತದೆ. ಹಾಗಾಗಿಯೇ 50ಕ್ಕಿಂತ ಕಡಿಮೆ ಇರುವವರಿಗೆ, ತೊಂದರೆ ಇರಲಿ ಬಿಡಲಿ, ಸುಮಾರು ಮೂರು ತಿಂಗಳಿಗೊಮ್ಮೆ ಪಾಪೆ ಹಿಗ್ಗಿಸಿ ನೋಡುವ ಪದ್ಧತಿ ಬಂತು.

1990ರ ದಶಕದ ಆರಂಭದಲ್ಲಿ ಪಿಸಿಆರ್ ಕೂಡ ಕಣ್ಣಿಗೆ ಬಂತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ನಮಗೆಲ್ಲ ಆ ಮೂರಕ್ಷರ ಚಿರಪರಿಚಿತ. ಕಣ್ಣಿನೊಳಗಿನ ದ್ರವದ ಒಂದೆರಡು ಹನಿ ಸೂಜಿಯಲ್ಲಿ ತೆಗೆದು, ಅದರಲ್ಲಿ ಯಾವ ವೈರಸ್ಸಿನ ಡಿಎನ್‌ಎ ಇದೆ ಅಂತ ನೋಡುವುದು. ಗೊಂದಲವಿರುವ ಕೇಸುಗಳಲ್ಲಿ ಇದು ದೊಡ್ಡ ವರ. ಆದರೂ ಸಿಎಂವಿ ರೆಟಿನೈಟಿಸ್‌ನ ಪತ್ತೆ ಇವತ್ತಿಗೂ ಮುಖ್ಯವಾಗಿ ಪಳಗಿದ ಕಣ್ಣು ಇನ್ನೊಂದು ಕಣ್ಣನ್ನು ನೋಡಿ ಮಾಡುವ ಕೆಲಸವೇ.

ಇಮ್ಯೂನಿಟಿ ರೋಗದ ಮುಖವನ್ನೇ ಹೇಗೆ ಬದಲಿಸುತ್ತದೆ ಅನ್ನುವುದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಇದೆ. ಊರಲ್ಲಿ ಮಕ್ಕಳಿಗೆ "ಅಮ್ಮ" ಬರುತ್ತಿತ್ತಲ್ಲ, ಆ ಚಿಕನ್‌ಪಾಕ್ಸ್ ತರುವ ವೈರಸ್ ಕೂಡ ಹರ್ಪಿಸ್ ಕುಟುಂಬದ್ದೇ. ಅದೇ ವೈರಸ್ ನರಗಳಲ್ಲಿ ಅಡಗಿ ಕೂತು ವಯಸ್ಸಾದ ಮೇಲೆ ಸರ್ಪಸುತ್ತಾಗಿ ಎದ್ದು ಬರುತ್ತದೆ. ಅಪರೂಪಕ್ಕೆ ರೆಟಿನಾಕ್ಕೂ ನುಗ್ಗುತ್ತದೆ. 1971ರಲ್ಲಿ ಜಪಾನಿನ ಉರಾಯಾಮ ಮತ್ತು ಸಂಗಡಿಗರು ಆರೋಗ್ಯವಂತರಲ್ಲಿ ರೆಟಿನಾ ವೇಗವಾಗಿ ಕೊಳೆಯುವ ಒಂದು ಕಾಯಿಲೆಯನ್ನು ವರ್ಣಿಸಿದ್ದರು. ಹರ್ಪಿಸ್ ಕುಟುಂಬದ ವೈರಸ್ಸುಗಳೇ ಅದಕ್ಕೆ ಕಾರಣ ಅಂತ ಆಮೇಲೆ ತಿಳಿಯಿತು. ಅದರಲ್ಲಿ ಕಣ್ಣು ಕೆಂಪು, ನೋವು, ಒಳಗೆಲ್ಲ ಮಂಜು ಮುಸುಕಿದಂತೆ ಉರಿಯೂತ. 1990ರ ಹೊತ್ತಿಗೆ ಏಡ್ಸ್ ಇರುವವರಲ್ಲಿ ಇನ್ನೊಂದು ಕಾಯಿಲೆ ಕಂಡುಬಂತು. ರೆಟಿನಾ ಅದಕ್ಕಿಂತ ಬೇಗ ಕೊಳೆಯುತ್ತದೆ, ಕೆಲವೇ ದಿನಗಳಲ್ಲಿ ದೃಷ್ಟಿ ಹೋಗುತ್ತದೆ, ಆದರೆ ಒಳಗೆ ಗಾಜಿನಷ್ಟು ತಿಳಿ, ಉರಿಯೂತವೇ ಇಲ್ಲ. ಹುಡುಕಿದರೆ ಅದೇ ಚಿಕನ್‌ಪಾಕ್ಸ್ ವೈರಸ್! ವೈರಸ್ ಒಂದೇ, ಹೊಕ್ಕ ಮನೆ ಬೇರೆ ಅಷ್ಟೇ. ವೈದ್ಯರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರು.

ಹಾಗಾಗಿ ಪತ್ತೆ ಅಂದರೆ ಅನುಮಾನಿತರ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಹೊಡೆದುಹಾಕುವ ಕೆಲಸ. ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯೂ ಬಿಳಿ ಕಲೆ ಮಾಡುತ್ತದೆ, ಆದರೆ ಅದರಲ್ಲಿ ರಕ್ತ ಕಡಿಮೆ, ಮಂಜು ಜಾಸ್ತಿ. ಸಿಫಿಲಿಸ್ ಯಾವ ವೇಷದಲ್ಲಾದರೂ ಬರಬಹುದು, ಅದಕ್ಕೆ ರಕ್ತ ಪರೀಕ್ಷೆ ನಿಜವಾಗಿ ಉಪಯೋಗ. ಕ್ಷಯ ರೆಟಿನಾದ ಹಿಂದಿನ ಪದರದಲ್ಲಿ ಗಂಟು ಕಟ್ಟುತ್ತದೆ. ಪ್ರತಿಯೊಂದಕ್ಕೂ ಔಷಧಿ ಬೇರೆ. ಹೆಸರು ತಪ್ಪಿದರೆ ಔಷಧಿ ತಪ್ಪಿತು. ಉರಿಯೂತ ಅಂತ ತಿಳಿದು ಬರೀ ಸ್ಟೀರಾಯ್ಡ್ ಕೊಟ್ಟರೆ ಉಳಿದಿದ್ದ ಒಂದಿಬ್ಬರು ಕಾವಲುಗಾರರನ್ನೂ ಮನೆಗೆ ಕಳಿಸಿದಂತೆ.

ಹೆಸರು ಸರಿ ಹೇಳುವುದು ಎಷ್ಟು ದೊಡ್ಡ ವಿಷಯವಾಗಿತ್ತು ಅಂತ ತಿಳಿಯಲು ಆ ದಿನಗಳ ಚಿಕಿತ್ಸೆ ನೋಡಬೇಕು. ಎಚ್‌ಐವಿ ವಿರುದ್ಧದ ಮೊದಲ ಔಷಧಿ ಎಝಡ್‌ಟಿಗೆ ಅಮೆರಿಕದಲ್ಲಿ 1987ರಲ್ಲಿ ಒಪ್ಪಿಗೆ ಸಿಕ್ಕಿತು. ಸಿಎಂವಿ ರೆಟಿನೈಟಿಸ್‌ಗೆ ಗಾನ್ಸಿಕ್ಲೋವಿರ್ ಬಂದದ್ದು 1989ರಲ್ಲಿ. ಎರಡೂ ಎಲುಬಿನ ಮಜ್ಜೆಗೆ ಪೆಟ್ಟು ಕೊಡುತ್ತವೆ, ರಕ್ತಕಣ ಇಳಿಸುತ್ತವೆ. ಒಟ್ಟಿಗೆ ತಡೆದುಕೊಳ್ಳುವುದು ಹಲವರಿಗೆ ಸಾಧ್ಯವಾಗುತ್ತಿರಲಿಲ್ಲ. ಅಂದರೆ ಮೂವತ್ತು ದಾಟಿದ ಒಬ್ಬ ಮನುಷ್ಯ ಕೂತು ತೀರ್ಮಾನಿಸಬೇಕಿತ್ತು: ಆಯಸ್ಸು ಸ್ವಲ್ಪ ಹೆಚ್ಚಿಸಬಹುದಾದ ಔಷಧಿಯೋ, ಕಣ್ಣು ಉಳಿಸುವ ಔಷಧಿಯೋ? ಗಾನ್ಸಿಕ್ಲೋವಿರ್ ಆರಿಸಿಕೊಂಡರೆ ಎದೆಯ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡು ದಿನಾ ಡ್ರಿಪ್, ಬದುಕಿರುವವರೆಗೂ. ಯಾಕೆಂದರೆ ಅದು ವೈರಸ್ಸನ್ನು ಕೊಲ್ಲುವುದಿಲ್ಲ, ತಡೆದು ನಿಲ್ಲಿಸುತ್ತದೆ. ನಿಲ್ಲಿಸಿದರೆ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಆ ಬಿಳಿ ಕಲೆ ಹತ್ತಿಯೋ ಬೆಂಕಿಯೋ ಎಂಬ ಪ್ರಶ್ನೆಗೆ ಬೆಲೆ ಇಷ್ಟಿತ್ತು.

1991ರಲ್ಲಿ ಫೋಸ್ಕಾರ್ನೆಟ್ ಬಂತು. ಎರಡನ್ನೂ ಹೋಲಿಸಿದ ದೊಡ್ಡ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಕಣ್ಣಿನ ಮಟ್ಟಿಗೆ ಎರಡೂ ಸಮ. ಆದರೆ ಫೋಸ್ಕಾರ್ನೆಟ್ ತೆಗೆದುಕೊಂಡವರು ಹೆಚ್ಚು ದಿನ ಬದುಕಿದರು: ಮಧ್ಯಮ ಆಯಸ್ಸು 12.6 ತಿಂಗಳು, ಇನ್ನೊಂದು ಗುಂಪಿನಲ್ಲಿ 8.5 ತಿಂಗಳು. ಸಂಖ್ಯೆಗಳನ್ನು ಇನ್ನೊಮ್ಮೆ ಓದಿ. ಒಳ್ಳೆಯ ಫಲಿತಾಂಶ ಅಂದರೆ ಒಂದು ವರ್ಷ ಚಿಲ್ಲರೆ. 1996ರಲ್ಲಿ ಕಣ್ಣಿನೊಳಗೇ ಕೂರಿಸುವ, ತಿಂಗಳುಗಟ್ಟಲೆ ಔಷಧಿ ಒಸರುವ ಪುಟ್ಟ ಗುಳಿಗೆಗೆ ಒಪ್ಪಿಗೆ ಸಿಕ್ಕಿತು. 1998ರಲ್ಲಿ ಫೋಮಿವಿರ್ಸನ್ ಬಂತು, ಆಂಟಿಸೆನ್ಸ್ ಎಂಬ ಹೊಸ ತಂತ್ರದಿಂದ ತಯಾರಾಗಿ ಒಪ್ಪಿಗೆ ಪಡೆದ ಜಗತ್ತಿನ ಮೊದಲ ಔಷಧಿ. ಅದು ಬರುವಷ್ಟರಲ್ಲಿ ಅದನ್ನು ಕೊಳ್ಳುವವರೇ ಇರಲಿಲ್ಲ.

ಕಾರಣ 1996. ಮೂರು ಔಷಧಿ ಒಟ್ಟಿಗೆ ಕೊಡುವ ಎಚ್‌ಐವಿ ಚಿಕಿತ್ಸೆ ಆ ವರ್ಷ ಬಳಕೆಗೆ ಬಂದು ಸಾಯುತ್ತಿದ್ದವರು ಎದ್ದು ಕೂತರು. ಸಿಡಿ4 ಏರಿತು, ಹೊಸ ಸಿಎಂವಿ ಕೇಸುಗಳು ಕುಸಿದವು. ಆಗ ಕಣ್ಣಿನ ಡಾಕ್ಟರುಗಳಿಗೆ ಒಂದು ವಿಚಿತ್ರ ಕಂಡಿತು. ಹಳೆಯ ಸಿಎಂವಿ ಕಲೆ ಇದ್ದು, ಈಗ ಚೇತರಿಸಿಕೊಳ್ಳುತ್ತಿದ್ದ ಕೆಲವರ ಕಣ್ಣಿನಲ್ಲಿ ಹೊಸದಾಗಿ ಉರಿಯೂತ, ಮಂಜು. ವೈರಸ್ ಮಲಗಿದೆ, ಕಣ್ಣು ಕೆರಳಿದೆ! ವಾಪಸ್ ಬಂದ ಸೈನ್ಯ ಹಳೆಯ ಯುದ್ಧಭೂಮಿ ನೋಡಿ ತಡವಾಗಿ ಗುಂಡು ಹಾರಿಸತೊಡಗಿತ್ತು. 1998ರ ಸುಮಾರಿಗೆ ಇದಕ್ಕೊಂದು ಹೆಸರೂ ಬಂತು: ಇಮ್ಯೂನ್ ರಿಕವರಿ ಯೂವಿಯೈಟಿಸ್. ಕಣ್ಣು ಕೆರಳುವುದು ದೇಹದ ಕೆಲಸ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅಮೆರಿಕದಲ್ಲಿ ಈ ಅಧ್ಯಾಯ ಮುಗಿಯುತ್ತಾ ಬಂದಾಗ ನಮ್ಮಲ್ಲಿ ಶುರುವಾಗುತ್ತಿತ್ತು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ ಚೆನ್ನೈನಲ್ಲಿ, ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರಿಂದ. ಏಡ್ಸ್‌ನಿಂದ ಕಣ್ಣಿಗಾದ ತೊಂದರೆಯ ದೇಶದ ಮೊದಲ ಎರಡು ಕೇಸುಗಳನ್ನು 1995ರಲ್ಲಿ ವರದಿ ಮಾಡಿದವರು ಅದೇ ಊರಿನ ಶಂಕರ ನೇತ್ರಾಲಯದ ಜ್ಯೋತಿರ್ಮಯ್ ಬಿಸ್ವಾಸ್ ಮತ್ತು ಸಹೋದ್ಯೋಗಿಗಳು. ಆ ವರ್ಷಗಳಲ್ಲಿ ಹೆಚ್ಚು ಸೋಂಕಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬಾಗಲಕೋಟೆ, ಬೆಳಗಾವಿ ಕಡೆಯ ಹಳ್ಳಿಗಳವರೆಗೂ ಅದು ಹರಡಿತ್ತು. ನಾವು ಹೈಸ್ಕೂಲಿನಲ್ಲಿದ್ದಾಗ ದೊಡ್ಡವರು ಹೆಸರೆತ್ತದೆ "ಆ ಕಾಯಿಲೆ" ಅಂತಿದ್ದರಲ್ಲ, ಅದೇ. ಸರ್ಕಾರದ ಉಚಿತ ಎಚ್‌ಐವಿ ಔಷಧಿ ಯೋಜನೆ ಶುರುವಾದದ್ದು 2004ರ ಏಪ್ರಿಲ್ 1ರಂದು. ಅಲ್ಲಿಯವರೆಗೆ, ಆಮೇಲೂ ಎಷ್ಟೋ ವರ್ಷ, ನಾಚಿಕೆಗೆ ಭಯಕ್ಕೆ ಆಸ್ಪತ್ರೆಗೆ ತಡವಾಗಿ ಬಂದವರು ಬಹಳ. ತಡ ಅಂದರೆ ಸಿಡಿ4 ಪಾತಾಳಕ್ಕಿಳಿದ ಮೇಲೆ. ಸಿಎಂವಿಗೆ ಬೇಕಾದದ್ದು ಅದೇ.

ಇನ್ನೊಂದು ಕಡೆ, ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ಡಾಕ್ಟರ್ ಡೇವಿಡ್ ಹೈಡನ್ ಬಡ ದೇಶಗಳ ಏಡ್ಸ್ ಕ್ಲಿನಿಕ್ಕುಗಳನ್ನು ಸುತ್ತುತ್ತಿದ್ದರು. ಅವರು ಮತ್ತು ಸಹಲೇಖಕರು 2007ರ ಡಿಸೆಂಬರ್‌ನಲ್ಲಿ ಪಿಎಲ್‌ಒಎಸ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಏಡ್ಸ್ ಪಿಡುಗಿನಲ್ಲಿ ಎಲ್ಲರೂ ಮರೆತ ಕಾಯಿಲೆ ಸಿಎಂವಿ ರೆಟಿನೈಟಿಸ್ ಅನ್ನುವುದು ಅದರ ತಿರುಳು. ಔಷಧಿ ಕೊಡುವ ಯೋಜನೆಗಳಲ್ಲಿ ಕಣ್ಣು ನೋಡುವವರೇ ಇಲ್ಲ. ಕಣ್ಣಿನ ಡಾಕ್ಟರು ಎಲ್ಲೋ ದೂರದ ಊರಲ್ಲಿ. ರೋಗಿಗೆ ದೃಷ್ಟಿ ಮಂಜಾಗಿ ಅಲ್ಲಿಗೆ ತಲುಪುವಷ್ಟರಲ್ಲಿ ಒಂದು ಕಣ್ಣು ಹೋಗಿರುತ್ತದೆ. ಅವರ ಪರಿಹಾರ ಸರಳ: ಏಡ್ಸ್ ರೋಗಿಯನ್ನು ದಿನಾ ನೋಡುವ ಸಾಮಾನ್ಯ ವೈದ್ಯರಿಗೇ ಇಂಡೈರೆಕ್ಟ್ ಆಫ್ತಾಲ್ಮೋಸ್ಕೋಪ್ ಹಿಡಿಯುವುದನ್ನು ಕೆಲವು ದಿನಗಳಲ್ಲಿ ಕಲಿಸಿ. ಕಣ್ಣಿನ ಎಲ್ಲ ಕಾಯಿಲೆಯೂ ಬೇಡ, ಈ ಒಂದನ್ನು ಗುರುತಿಸಲು ಕಲಿತರೆ ಸಾಕು. ಸಿಡಿ4 ಕಡಿಮೆ ಇರುವ ಪ್ರತಿಯೊಬ್ಬರ ಕಣ್ಣನ್ನೂ, ದೂರಿಗೆ ಕಾಯದೆ, ಮೊದಲ ಭೇಟಿಯಲ್ಲೇ ನೋಡಿ.

ನೋಡಿದ ಮೇಲೆ ಔಷಧಿಯೂ ಬೇಕಲ್ಲ. ಡ್ರಿಪ್ ಬದಲು ನುಂಗುವ ಮಾತ್ರೆ ವಾಲ್ಗಾನ್ಸಿಕ್ಲೋವಿರ್ ಅಮೆರಿಕದಲ್ಲಿ 2001ರಲ್ಲಿ ಬಂದಿತ್ತು. ಬೆಲೆ ಮಾತ್ರ ಆಕಾಶದಲ್ಲಿ. ಚೆನ್ನೈನ ಪೇಟೆಂಟ್ ಕಚೇರಿ ಕೊಟ್ಟಿದ್ದ ಪೇಟೆಂಟನ್ನು ಎಚ್‌ಐವಿ ಜೊತೆ ಬದುಕುವವರ ಸಂಘಟನೆಗಳು ಪ್ರಶ್ನಿಸಿ ಹೋರಾಡಿದವು, 2010ರಲ್ಲಿ ಅದು ರದ್ದಾಯಿತು. 2013ರಲ್ಲಿ ರೋಶ್ ಕಂಪನಿ ಮತ್ತು ಮೆಡಿಸಿನ್ಸ್ ಪೇಟೆಂಟ್ ಪೂಲ್ ನಡುವೆ ಒಪ್ಪಂದವಾಗಿ ಅಭಿವೃದ್ಧಿಶೀಲ ದೇಶಗಳಿಗೆ ಬೆಲೆ ಶೇ. 90ರವರೆಗೆ ಇಳಿಯಿತು. ಕಣ್ಣು ಉಳಿಸಿಕೊಳ್ಳಲು ಕೋರ್ಟು ಕಚೇರಿ ಅಲೆದವರ ಈ ಕಥೆಗೇ ಇನ್ನೊಂದು ಅಂಕಣ ಬೇಕು.

ಇವತ್ತು ಕಾವಲು ಕುಗ್ಗಿದವರು ಅಂದರೆ ಎಚ್‌ಐವಿ ಇರುವವರಷ್ಟೇ ಅಲ್ಲ. ಕಿಡ್ನಿ, ಲಿವರ್, ಮಜ್ಜೆ ಕಸಿ ಮಾಡಿಸಿಕೊಂಡವರು, ಕೀಮೋ ನಡೆಯುತ್ತಿರುವವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗುತ್ತಿರುವವರು ನಮ್ಮ ಅಪಾರ್ಟ್‌ಮೆಂಟುಗಳಲ್ಲೇ ಇದ್ದಾರೆ. ಅವರಲ್ಲಿ ಎಲ್ಲರಿಗೂ ಹೀಗಾಗುವುದಿಲ್ಲ, ಹೆದರಬೇಕಿಲ್ಲ. ಆದರೆ ಅಪ್ಪನೋ ಅಮ್ಮನೋ ಅಂಥ ಚಿಕಿತ್ಸೆಯಲ್ಲಿದ್ದು "ಕಣ್ಣ ಮುಂದೆ ಏನೋ ನೊಣ ಹಾರಿದಂಗೆ ಆಗ್ತಿದೆ, ಆ ಕಡೆ ಸ್ವಲ್ಪ ಮಬ್ಬು" ಅಂದರೆ, ಮೆಡಿಕಲ್ ಸ್ಟೋರಿನ ಹನಿ ತಂದು ಹಾಕಬೇಡಿ, ಮುಂದಿನ ವಾರ ನೋಡೋಣ ಅನ್ನಬೇಡಿ. ಕಣ್ಣಿನ ಡಾಕ್ಟರಿಗೆ ಇಮ್ಯೂನಿಟಿ ತಗ್ಗಿಸುವ ಔಷಧಿ ನಡೆಯುತ್ತಿದೆ ಅಂತ ಮೊದಲೇ ಹೇಳಿ, ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೆ ನೋಡಿ ಅಂತ ಬಾಯಿಬಿಟ್ಟು ಕೇಳಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಓದೋಕಾಗಲ್ಲ, ಬಿಸಿಲು ಚುಚ್ಚುತ್ತೆ, ಗಾಡಿ ಓಡಿಸುವ ಹಾಗಿಲ್ಲ. ಜೊತೆಗೊಬ್ಬರು ಬೇಕು. ಅರ್ಧ ದಿನ ರಜೆ ಹಾಕಿ ನೀವೇ ಹೋಗಿ.